ಎಲ್ಮಾರ್ ಅವರ ಪೆನ್ಸಿಲ್, ನನ್ನ ರಬ್ಬರು

ಹೋದ ವಾರ ಅನುಷಾಳಿಂದ ಒಂದು ಮೇಲ್ ಬಂತು. ಅನುಷಾ ಬೆಂಗಳೂರಿನ ಹುಡುಗಿ. ಇಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸಂಗೀತಶಾಸ್ತ್ರ ಓದಿ, ನಾನು ನಿವೃತ್ತಳಾಗಿ ಬಿಟ್ಟುಬಂದ ಕುರ್ಚಿಯಲ್ಲೇ ಈಗ ಕೂತಿದ್ದಾಳೆ. "ಆಂಟಿ, ಎಲ್ಮಾರ್ ಅವರ 'ಎದುರು ದಡ'ದ ಪೆಟ್ಟಿಗೆ ವಾಪಸ್ ಬಂದಿದೆ. ವಿಯೋಲಾ ಪಾರ್ಟ್‌ನ ಕೊನೇಲಿ ಹನ್ನೊಂದು ಬಾರ್ ಪೂರ್ತಿ ಯಾರೋ ಪೆನ್ಸಿಲ್‌ನಲ್ಲಿ ಏನೋ ಬರ್ದಿದಾರೆ. ಪ್ರಿಂಟ್‌ನಲ್ಲಿ ಅದು ಖಾಲಿ ಇದೆ. ರೂಲ್ ಪ್ರಕಾರ ಅಳಿಸ್ಬೇಕು ಅಲ್ವಾ? ಹೊಸ ಎಡಿಷನ್ ಈ ತಿಂಗಳೇ ಫೈನಲ್ ಆಗತ್ತೆ. ಅಳಿಸ್ಲಾ, ಬಿಡ್ಲಾ? ಬೇಗ ಹೇಳಿ, ಪ್ಲೀಸ್."

ಬೇಗ ಹೇಳಬೇಕಂತೆ! ಇಪ್ಪತ್ತೈದು ವರ್ಷದಿಂದ ನನಗೇ ತಿಳಿಯದ್ದನ್ನು ಎರಡು ಸಾಲಿನಲ್ಲಿ ಹೇಗೆ ಹೇಳಲಿ? ಒಂದು ವಾರದಿಂದ ಉತ್ತರ ಬರೆಯುವುದು, ಒರೆಸುವುದು, ಇದೇ ಆಗಿದೆ. ಕೊನೆಗೆ, ಇರಲಿ, ಈ ಕೆಲಸ ನಿಜವಾಗಿ ಹೇಗಿತ್ತು ಅಂತ ಮೊದಲಿಂದ ಬರೆದುಬಿಡೋಣ ಅನ್ನಿಸಿತು. ಅನುಷಾಗಾಗಿ, ಅವಳಂತೆ ಮುಂದೆ ಯಾರಾದರೂ ಬಂದರೆ ಅವರಿಗಾಗಿ. ಬರೆಯುತ್ತಾ ಬರೆಯುತ್ತಾ ನನಗೂ ಉತ್ತರ ಹೊಳೆದರೆ ಒಳ್ಳೆಯದು. ಹೊಳೆಯದಿದ್ದರೆ ಬೈದುಕೊಳ್ಳಬೇಡಿ.

ನಮ್ಮದು ಸ್ವರಲಿಪಿ ಭಂಡಾರ. ವಾದ್ಯವೃಂದಗಳಿಗೆ ಸಂಗೀತದ ಕಾಗದಗಳನ್ನು ಎರವಲು ಕೊಡುವ ಜಾಗ. ಒಂದು ಕೃತಿಯನ್ನು ಎಂಬತ್ತು ಜನ ನುಡಿಸುತ್ತಾರೆ ಅಂದುಕೊಳ್ಳಿ. ಎಲ್ಲರದ್ದೂ ಒಟ್ಟಿಗೆ ಇರುವ ದಪ್ಪ ಪುಸ್ತಕ, ಅಂದರೆ ಸ್ಕೋರು, ಎದುರು ನಿಂತು ಕೈ ಆಡಿಸುವವರಿಗೆ. ವಾದಕರಿಗೆ ಅವರವರದ್ದು ಮಾತ್ರ ಇರುವ ತೆಳು ಪುಸ್ತಕ, ಅದು ಪಾರ್ಟು. ಇವೆಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಊರೂರು ಸುತ್ತಿ ವಾಪಸ್ ಬರುತ್ತವೆ. ಬರುವಾಗ ಪುಟದ ತುಂಬ ಪೆನ್ಸಿಲ್. ಬಿಲ್ಲು ಮೇಲಕ್ಕೆ, ಬಿಲ್ಲು ಕೆಳಕ್ಕೆ, ಇಲ್ಲಿ ಮೆಲ್ಲಗೆ, ಇಲ್ಲಿ ಎಚ್ಚರ ಅನ್ನುವುದಕ್ಕೆ ಒಂದು ಕನ್ನಡಕದ ಚಿತ್ರ. ಒಬ್ಬ ಟ್ರಂಬೋನ್‌ನವನು ತನಗೆ ಕೆಲಸವಿಲ್ಲದ ಇಡೀ ಪುಟದಲ್ಲಿ ಮೀನಿನ ಅಡುಗೆಯೊಂದರ ವಿಧಾನ ಬರೆದಿದ್ದ. ನಾನು ಅಳಿಸುವ ಮೊದಲು ನನ್ನ ಮೇಲಧಿಕಾರಿ ಗುನಿಲ್ಲಾ ಅದನ್ನು ನಕಲು ಮಾಡಿಕೊಂಡಳು.

ಮುಂದಿನ ವಾದ್ಯವೃಂದಕ್ಕೆ ಕಾಗದ ಹೊಸದರ ಹಾಗೆ ಹೋಗಬೇಕು. ಆದ್ದರಿಂದ ಅಳಿಸುವುದು. ಸಂಗೀತದ ಕೆಲಸ ಅಂತ ಊರಿನಲ್ಲಿ ನಮ್ಮಕ್ಕ ಎಲ್ಲರಿಗೂ ಹೇಳಿಕೊಂಡು ಓಡಾಡುತ್ತಿದ್ದಳು. ಇಲ್ಲಿ ನಾನು ನೆಲಮಾಳಿಗೆಯಲ್ಲಿ ಕೂತು ದಿನವಿಡೀ ರಬ್ಬರು ಉಜ್ಜುತ್ತಿದ್ದೆ. ರಬ್ಬರನ್ನು ಒಂದೇ ದಿಕ್ಕಿಗೆ ಎಳೆಯಬೇಕು, ಹಿಂದೆಮುಂದೆ ಉಜ್ಜಿದರೆ ಕಾಗದ ಏಳುತ್ತದೆ. ಪುಡಿಯನ್ನು ಊದಬಾರದು, ಎಂಜಲು ಸಿಡಿಯುತ್ತದೆ, ಕುಂಚದಲ್ಲಿ ಗುಡಿಸಬೇಕು. ಸಂಜೆ ಮೆಟ್ರೋದಲ್ಲಿ ಕಿಸ್ಟಾದ ಮನೆಗೆ ವಾಪಸ್ ಬರುವಾಗ ಹೆಬ್ಬೆರಳು ಮಡಚಲು ಬರುತ್ತಿರಲಿಲ್ಲ.

ಗುನಿಲ್ಲಾ ಮೊದಲ ದಿನವೇ ಹೇಳಿದ್ದು ಒಂದೇ ನಿಯಮ. "ಇಂಕು ಬರೆದವರದ್ದು, ಪೆನ್ಸಿಲ್ ನುಡಿಸಿದವರದ್ದು. ಇಂಕು ಮುಟ್ಟಬೇಡ. ಪೆನ್ಸಿಲ್ ಬಿಡಬೇಡ."

ನಾನು ಈ ಕೆಲಸಕ್ಕೆ ಬಂದದ್ದೇ ಒಂದು ಗೊಂದಲದಿಂದ. ನಮ್ಮವರು ಸಂಶೋಧನೆಗೆಂದು ಮೊದಲು ಕಾರ್ಲ್‌ಸ್ಕ್ರೂನಾಕ್ಕೆ ಬಂದರು. ಆಮೇಲೆ ಕಿಸ್ಟಾದಲ್ಲಿ ಕೆಲಸ ಸಿಕ್ಕಿತು. ನಾನು ಜೊತೆಗೆ ಬಂದ ಹೆಂಡತಿ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹುಟ್ಟಿದ ಮೇಘಾಳನ್ನು ದಾಗಿಸ್‌ಗೆ, ಅಂದರೆ ಇಲ್ಲಿನ ಶಿಶುವಿಹಾರಕ್ಕೆ, ಸೇರಿಸಿದ ಮೇಲೆ ಹಗಲೆಲ್ಲ ಖಾಲಿ. ಕೆಲಸ ಹುಡುಕಿಕೊಡುವ ಕಚೇರಿಯ ಅರ್ಜಿಯಲ್ಲಿ 'ಏನು ಬರುತ್ತದೆ' ಅನ್ನುವ ಜಾಗದಲ್ಲಿ 'ಸಂಗೀತ' ಅಂತ ಬರೆದೆ. ತುಮಕೂರಿನ ರುಕ್ಮಿಣಿ ಟೀಚರ್ ಮನೆಯಲ್ಲಿ ಹನ್ನೆರಡು ವರ್ಷ ಹಾಡು ಕಲಿತಿದ್ದೆ, ಸುಳ್ಳೇನಲ್ಲ. ಆ ಅಧಿಕಾರಿಣಿ ಸಂಗೀತ ಅಂದರೆ ಸಂಗೀತ ಅಂದುಕೊಂಡು ನನ್ನನ್ನು ನೇರ ಭಂಡಾರಕ್ಕೆ ಕಳಿಸಿದಳು. ಐದು ಗೆರೆಯ ಮೇಲೆ ಕಪ್ಪು ಕಾಳು ಚೆಲ್ಲಿದ ಹಾಗಿದ್ದ ಆ ಕಾಗದದಲ್ಲಿ ಒಂದು ಸ್ವರವನ್ನೂ ಓದಲು ನನಗೆ ಬರಲಿಲ್ಲ. ಸಂಜೆ ತರಗತಿಗೆ ಸೇರಿ ಮೂರು ತಿಂಗಳಲ್ಲಿ ಕಲಿತೆ. ಕಲಿತದ್ದೂ ನನ್ನದೇ ರೀತಿಯಲ್ಲಿ, ಪ್ರತಿ ಕಾಳನ್ನೂ ಮನಸ್ಸಿನಲ್ಲಿ ಸರಿಗಮ ಮಾಡಿಕೊಂಡು. ರುಕ್ಮಿಣಿ ಟೀಚರ್ "ಹಾಡ್ದೆ ಪುಟ ತಿರುಗಿಸಿದ್ರೆ ನೋಡು" ಅಂತ ಕೋಲು ತೋರಿಸುತ್ತಿದ್ದರು. ಆ ಕೋಲು ಇನ್ನೂ ಬೆನ್ನ ಹಿಂದೆ ಇದ್ದಂತೆ, ಕಣ್ಣಿಗೆ ಬಿದ್ದ ಸ್ವರವನ್ನು ಗೊಣಗದೆ ನನಗೆ ಮುಂದೆ ಹೋಗಲು ಆಗುತ್ತಿರಲಿಲ್ಲ. ಅಳಿಸುವಾಗಲೂ ಅಷ್ಟೇ. ಎರಡು ನಿಂತ ಗೆರೆಗಳ ನಡುವಿನ ಜಾಗಕ್ಕೆ ಎಲ್ಲರೂ ಬಾರ್ ಅನ್ನುತ್ತಿದ್ದರು, ನಾನು ಚೌಕಾಬಾರದ ನೆನಪಿನಿಂದ ಮನೆ ಅನ್ನುತ್ತಿದ್ದೆ. ಒಂದು ಮನೆ ಹಾಡು, ಒಂದು ಮನೆ ಅಳಿಸು.

ಎಡವಟ್ಟುಗಳಿಗೆ ಲೆಕ್ಕವಿಲ್ಲ. ಒಂದು ಸಲ ಚೆಲ್ಲೋ ಪಾರ್ಟನ್ನು ಹೊಸದಾಗಿ ಪ್ರತಿ ಮಾಡುವಾಗ ಪುಟ ಮುಗಿಯುವ ಜಾಗದಲ್ಲಿ ವಿರಾಮ ಇದೆಯೋ ಇಲ್ಲವೋ ನೋಡಲಿಲ್ಲ. ಪ್ರದರ್ಶನದ ದಿನ ಭರ್ರನೆ ಓಡುವ ಭಾಗದ ನಟ್ಟನಡುವೆ ಪುಟ ತಿರುಗಿಸುವ ಪ್ರಸಂಗ ಬಂತು. ಹತ್ತು ಚೆಲ್ಲೋಗಳು ಒಟ್ಟಿಗೆ ನಿಂತು, ಹತ್ತು ಕೈ ಒಟ್ಟಿಗೆ ಪುಟ ತಿರುವಿ, ಒಟ್ಟಿಗೆ ಮತ್ತೆ ಶುರುವಾದವು. ಗುನಿಲ್ಲಾ ಬೈಯಲಿಲ್ಲ. ಮರುದಿನ ಫೀಕಾ, ಅಂದರೆ ಕಾಫಿ ವಿರಾಮದ, ಹೊತ್ತಿನಲ್ಲಿ ಕಾಫಿ ಬಗ್ಗಿಸುತ್ತಾ, "ಮುಂದಿನ ಸಲ ನೀನೇ ಹೋಗಿ ತಿರುಗಿಸಿ ಬಾ" ಅಂದಳು. ಈ ದೇಶದಲ್ಲಿ ಬೈಗುಳ ಇಷ್ಟು ಮೆಲ್ಲಗಿರುತ್ತದೆ, ಬೈದರೋ ಇಲ್ಲವೋ ಅಂತ ಮನೆಗೆ ಹೋಗಿ ಯೋಚಿಸಬೇಕು. ನಾನು ಯೋಚಿಸಿ ಯೋಚಿಸಿ ಅತ್ತೆ.

ಇನ್ನು ಎಲ್ಮಾರ್.

ಅವರು ಎಸ್ಟೋನಿಯಾದವರು. ಎರಡನೇ ಮಹಾಯುದ್ಧದ ಕೊನೆಯ ಶರತ್ಕಾಲದಲ್ಲಿ, ಐದು ವರ್ಷದ ಮಗುವಾಗಿ, ತಾಯಿಯ ಜೊತೆ ಮೀನುಗಾರರ ದೋಣಿಯಲ್ಲಿ ಸಮುದ್ರ ದಾಟಿ ಇಲ್ಲಿನ ಗೋಟ್‌ಲ್ಯಾಂಡ್ ದ್ವೀಪಕ್ಕೆ ಬಂದು ಇಳಿದವರು. ತಂದೆ ಮುಂದಿನ ದೋಣಿಗೆ ಬರುತ್ತೇನೆ ಅಂದಿದ್ದರಂತೆ, ಬರಲಿಲ್ಲ. ಇಲ್ಲೇ ಓದಿ, ಕೊಮ್ಯೂನ್, ಅಂದರೆ ಇಲ್ಲಿನ ನಗರಸಭೆ, ನಡೆಸುವ ಸಂಗೀತ ಶಾಲೆಯಲ್ಲಿ ಮಕ್ಕಳಿಗೆ ಪಿಯಾನೊ ಹೇಳಿಕೊಟ್ಟು, ಭಾನುವಾರ ತಮ್ಮವರ ಚರ್ಚಿನಲ್ಲಿ ಆರ್ಗನ್ ನುಡಿಸಿ, ಉಳಿದ ಹೊತ್ತಿನಲ್ಲಿ ದೊಡ್ಡ ವಾದ್ಯವೃಂದಕ್ಕೆ ಸಂಗೀತ ರಚಿಸುತ್ತಿದ್ದರು. ಅರ್ಧ ಆಯುಸ್ಸು ಅವರ ಸಂಗೀತವನ್ನು, ಪರರ ಆಳ್ವಿಕೆಯಲ್ಲಿದ್ದ ಅವರ ದೇಶದಲ್ಲಿ ಯಾರೂ ನುಡಿಸುವಂತಿರಲಿಲ್ಲ. ಅಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಕರೆಯತೊಡಗಿದರು. ಇಲ್ಲಿನ ಪತ್ರಿಕೆಗಳು ಎಸ್ಟೋನಿಯಾದ ರಚನಕಾರ ಅಂದರೆ, ಅಲ್ಲಿನ ಪತ್ರಿಕೆಗಳು ಸ್ವೀಡನ್ನಿನ ರಚನಕಾರ ಅನ್ನುತ್ತಿದ್ದವು. "ನಾನು ಯಾರು ಅಂತ ದೋಣಿಯವನನ್ನ ಕೇಳಬೇಕು" ಅಂತ ನಗುತ್ತಿದ್ದರು.

ನನಗೆ ಅವರನ್ನು ಹೇಗೆ ಕರೆಯಬೇಕೋ ತಿಳಿಯುತ್ತಿರಲಿಲ್ಲ. ಇಲ್ಲಿ ಪ್ರಧಾನಿಯನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಅರವತ್ತು ದಾಟಿದ, ಬಿಳಿ ಹುಬ್ಬಿನ ವಿದ್ವಾಂಸರಿಗೆ 'ಎಲ್ಮಾರ್, ಬಾ' ಅನ್ನಲು ನನ್ನ ನಾಲಗೆ ಹೊರಳಲೊಲ್ಲದು. ಹಾಗಾಗಿ ಮೊದಲ ವರ್ಷ ಹೆಸರೇ ಹಿಡಿಯದೆ "ಹಲೋ, ಕಾಫಿ?" ಅಂತ ಸಂಭಾಳಿಸಿದೆ. ಸ್ವೀಡಿಷ್‌ನಲ್ಲಿ ಎಲ್ಲರಿಗೂ ಒಂದೇ ಏಕವಚನ. ಕನ್ನಡದಲ್ಲಿ ಬರೆಯುತ್ತಿದ್ದೇನಲ್ಲ, ಅವರಿಗೆ ನಾನು 'ನೀವು' ಅನ್ನುತ್ತೇನೆ, ಅವರು ನನಗೆ 'ನೀನು' ಅನ್ನಲಿ.

ಅವರು ಭಂಡಾರಕ್ಕೆ ಬಂದರೆ ಕಿಟಕಿ ಪಕ್ಕದ ಮೇಜು ಅವರದ್ದು. ಚೀಲದಲ್ಲಿ ಕಪ್ಪು ರೈ ಬ್ರೆಡ್ಡು, ಒಂದು ಹಿಡಿ ಮೋಟು ಪೆನ್ಸಿಲ್‌ಗಳು. ತಮ್ಮದೇ ಹಳೆಯ ಕೃತಿಗಳ ಪೆಟ್ಟಿಗೆ ತೆಗೆಸಿಕೊಂಡು ಗಂಟೆಗಟ್ಟಲೆ ನೋಡುತ್ತಾ ಕೂರುತ್ತಿದ್ದರು. ಮನೆಗಳನ್ನು ಎಣಿಸುವಾಗ ತುಟಿ ಮಾತ್ರ ಆಡುತ್ತಿತ್ತು, ಯೂಕ್ಸ್, ಕಾಕ್ಸ್, ಕೋಲ್ಮ್. ಅರವತ್ತು ವರ್ಷ ಸ್ವೀಡಿಷ್ ಮಾತಾಡಿದ ಮನುಷ್ಯ ಎಣಿಸುವುದು ಮಾತ್ರ ಎಸ್ಟೋನಿಯನ್‌ನಲ್ಲಿ. ನಾನು ಅವರ ಹಿಂದಿನ ಮೇಜಿನಲ್ಲಿ ಒಂದು, ಎರಡು, ಮೂರು. ಒಮ್ಮೆ ಇಬ್ಬರಿಗೂ ಅದು ಕೇಳಿ ಲೆಕ್ಕ ತಪ್ಪಿತು. ಅವತ್ತಿನಿಂದ ಬ್ರೆಡ್ಡಿನಲ್ಲಿ ನನಗೂ ಒಂದು ಚೂರು.

'ಎದುರು ದಡ' ಅವರ ದೊಡ್ಡ ಕೃತಿ. ಮೊದಲ ಪ್ರದರ್ಶನ ಸ್ಟಾಕ್‌ಹೋಮ್‌ನಲ್ಲೇ ಆಗಿತ್ತು. ಅದರ ಕೊನೆಯಲ್ಲಿ ಎಲ್ಲ ವಾದ್ಯಗಳೂ ಒಂದೊಂದಾಗಿ ನಿಂತು, ಪಿಟೀಲುಗಳು ಮಾತ್ರ ಒಂದೇ ಸ್ವರವನ್ನು ತೆಳ್ಳಗೆ ಹಿಡಿದಿರುತ್ತವೆ. ಹನ್ನೊಂದು ಮನೆ ಹಾಗೇ. ಆಮೇಲೆ ಅದೂ ನಿಲ್ಲುತ್ತದೆ. ಪಿಟೀಲಿಗಿಂತ ತುಸು ದೊಡ್ಡದಾದ, ತಗ್ಗು ದನಿಯ ವಿಯೋಲಾದವರಿಗೆ ಆ ಹನ್ನೊಂದು ಮನೆ ಖಾಲಿ.

ಆ ಪೆಟ್ಟಿಗೆ ಪ್ರದರ್ಶನದಿಂದ ವಾಪಸ್ ಬಂದಾಗ ಗುನಿಲ್ಲಾ ಬೆನ್ನುನೋವೆಂದು ರಜೆಯಲ್ಲಿದ್ದಳು. ನಾನು ಖಾಯಂ ಆಗಿರಲಿಲ್ಲ. ಒಂದು ವಾರ ಪೆಟ್ಟಿಗೆ ಕಿಟಕಿ ಮೇಜಿನ ಮೇಲಿತ್ತು, ಎಲ್ಮಾರ್ ಬಂದು ಹೋಗಿ ಮಾಡುತ್ತಿದ್ದರು. ಸೋಮವಾರ ಅದು ಅಳಿಸುವ ಕಪಾಟಿನಲ್ಲಿತ್ತು. ಯಾರು ಇಟ್ಟರು? ಎಲ್ಮಾರೋ, ಸ್ವಚ್ಛ ಮಾಡುವವರೋ, ನಾನೋ? ಇವತ್ತಿಗೂ ಗೊತ್ತಿಲ್ಲ. ಕಪಾಟಿನಲ್ಲಿದ್ದದ್ದನ್ನು ತೆಗೆದು ಅಳಿಸಿದೆ. ವಿಯೋಲಾದ ಮೊದಲ ಪಾರ್ಟಿನಲ್ಲಿ ಕೊನೆಯ ಹನ್ನೊಂದು ಮನೆಯಲ್ಲಿ ಪೆನ್ಸಿಲ್‌ನಲ್ಲಿ ಒಂದು ರಾಗ ಬರೆದಿತ್ತು. ವಿಯೋಲಾದವರು ಕೆಲಸವಿಲ್ಲದ ಜಾಗದಲ್ಲಿ ತಮಾಷೆಗೆ ಏನೇನೋ ಹಾಡು ಬರೆಯುತ್ತಾರೆ, ಎಷ್ಟೋ ನೋಡಿದ್ದೆ. ಇದೂ ಅಂಥದ್ದೇ ಅಂದುಕೊಂಡೆ. ಚೆನ್ನಾಗಿದೆಯಲ್ಲ ಅಂತಲೂ ಅನ್ನಿಸಿತು, ಅದು ಮಾತ್ರ ನೆನಪಿದೆ. ಒಂದು ಮನೆ ಹಾಡಿದೆ, ಒಂದು ಮನೆ ಅಳಿಸಿದೆ. ಹನ್ನೊಂದೂ ಮುಗಿಸಿ ಪುಡಿ ಗುಡಿಸಿ ಪೆಟ್ಟಿಗೆ ಕಟ್ಟಿದೆ. ಮೇಘಾಳನ್ನು ಕರೆತರಲು ದಾಗಿಸ್‌ಗೆ ಓಡಿದೆ.

ಎರಡು ವಾರದ ಮೇಲೆ ಎಲ್ಮಾರ್ ಬಂದು ಅದೇ ಪೆಟ್ಟಿಗೆ ಕೇಳಿದರು. ವಿಯೋಲಾ ಪಾರ್ಟು ತೆಗೆದು ಕೊನೆಯ ಪುಟ ನೋಡಿದರು. ಕಾಗದವನ್ನು ಕಿಟಕಿಯ ಬೆಳಕಿಗೆ ಓರೆ ಹಿಡಿದರು. ಆಮೇಲೆ ಮುಚ್ಚಿ, ತಮ್ಮಷ್ಟಕ್ಕೆ, "ಹಾಗಾದರೆ ಹಾಗೇ ಇರಲಿ" ಅಂದರು. ನನ್ನ ಕಡೆ ತಿರುಗಿ, "ಕಾಫಿ ಇದೆಯಾ?" ಅಂದರು.

ಅವರು ಹೋದ ಮೇಲೆ ನಾನೂ ಆ ಪುಟವನ್ನು ಬೆಳಕಿಗೆ ಹಿಡಿದೆ. ಪೆನ್ಸಿಲ್ ಹೋಗಿತ್ತು, ಒತ್ತಿದ ಗೀರು ಅಲ್ಲಲ್ಲಿ ಉಳಿದಿತ್ತು. ಕಾಳಿನ ಕಡ್ಡಿ ಎಡಕ್ಕೆ ಒರಗಿದ ಆ ಕೈಬರಹ ಊರಲ್ಲೆಲ್ಲ ಒಬ್ಬರದ್ದೇ. ಅಯ್ಯೋ ದೇವರೇ, ರಚನಕಾರರೇ ಬರೆದದ್ದನ್ನು ಅಳಿಸಿಬಿಟ್ಟೆನೇ! ಆದರೆ ಅವರು ಯಾಕೆ ಏನೂ ಅನ್ನಲಿಲ್ಲ? ಸಿಟ್ಟು ಬಂದಿದ್ದರೆ ಕಾಫಿ ಯಾಕೆ ಕೇಳಿದರು? ಅಥವಾ ಕಾಫಿ ಕೇಳಿದ್ದೇ ಬೈಗುಳವೇ? ಮನೆಯಲ್ಲಿ ನಮ್ಮವರನ್ನು ಕೇಳಿದರೆ, "ಅವ್ರೇ ಸುಮ್ನಿದ್ಮೇಲೆ ನೀನ್ಯಾಕೆ ಕೆದಕ್ತೀಯ? ಪರ್ಮನೆಂಟ್ ಆಗೋವರ್ಗೂ ಬಾಯ್ಮುಚ್ಕೊಂಡಿರು" ಅಂದರು. ಮುಚ್ಚಿಕೊಂಡೆ. ಖಾಯಂ ಆಯಿತು. ಆಮೇಲೂ ಮುಚ್ಚಿಕೊಂಡೇ ಇದ್ದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂತ ಅವರು ಕೊಟ್ಟ ಬ್ರೆಡ್ಡು ತಿನ್ನುತ್ತಾ ಇಪ್ಪತ್ತೈದು ವರ್ಷ ಕಳೆಯಿತು. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಈ ನಡುವೆ ಕೆಲಸದ ರೀತಿಯೇ ಬದಲಾಯಿತು. ಗುನಿಲ್ಲಾ ನಿವೃತ್ತಳಾದಳು. ಕೈಬರಹದ ಸ್ಕೋರುಗಳನ್ನು ಕಂಪ್ಯೂಟರಿಗೆ ಹಾಕಬೇಕಾಯಿತು. ಮೌಸ್ ಹಿಡಿದು ಒಂದೊಂದೇ ಕಾಳು ಇಡುವುದು, ಅದು ಒತ್ತಿದ ಕಡೆ ಬಿಟ್ಟು ಪಕ್ಕದ ಗೆರೆಗೆ ಹಾರುವುದು. ಆಮೇಲೆ ವಾದಕರು ಟ್ಯಾಬ್ಲೆಟ್ ಇಟ್ಟುಕೊಂಡು ಕಾಲಿನಲ್ಲಿ ಪುಟ ತಿರುಗಿಸತೊಡಗಿದರು. ಗೀಚಿದ್ದನ್ನು ಒಂದು ಗುಂಡಿ ಒತ್ತಿ ಅಳಿಸುತ್ತಾರೆ, ಓರೆ ಬೆಳಕಿಗೆ ಹಿಡಿದರೆ ಏನೂ ಕಾಣುವುದಿಲ್ಲ. 'ಎದುರು ದಡ'ವನ್ನೂ ಕಂಪ್ಯೂಟರಿಗೆ ಹಾಕಿದವಳು ನಾನೇ. ವಿಯೋಲಾದ ಹನ್ನೊಂದು ಖಾಲಿ ಮನೆ ಬಂದಾಗ ಕೈ ತಾನಾಗಿ ನಿಂತಿತು. ಅಲ್ಲಿ ಏನಿತ್ತು ಅಂತ ನೆನಪು ಮಾಡಿಕೊಂಡೆ, ಒಂದು ಸ್ವರವೂ ಬರಲಿಲ್ಲ. ಖಾಲಿ ಅಂತಲೇ ಹಾಕಿ ಮುಂದೆ ಹೋದೆ.

ಎಲ್ಮಾರ್ ಅಷ್ಟರಲ್ಲಿ ಹೆಸರುವಾಸಿಯಾಗಿದ್ದರು. ಆ ಕೃತಿಯಾದ ನಂತರ ಅವರು ಬರೆದದ್ದೆಲ್ಲ ಬರಬರುತ್ತಾ ತೆಳ್ಳಗಾಯಿತು, ಸ್ವರಕ್ಕಿಂತ ಖಾಲಿ ಜಾಗವೇ ಹೆಚ್ಚು. ಮೌನದ ರಚನಕಾರ ಅಂತ ವಿಮರ್ಶಕರು ಕೊಂಡಾಡಿದರು. ಕೇಳಿದಾಗಲೆಲ್ಲ ನನಗೆ ಒಳಗೊಳಗೇ ಕಸಿವಿಸಿ. ಯಾಕೆ ಅಂತ ಮಾತ್ರ ಆಗ ಹೊಳೆಯಲಿಲ್ಲ.

ನನಗೂ ನಿವೃತ್ತಿಯಾಯಿತು. ಕೇಕು ಕತ್ತರಿಸಿ, ಗಾಜಿನ ಡಬ್ಬಿಯಲ್ಲಿ ಒಂದು ರಬ್ಬರು ಉಡುಗೊರೆ ಕೊಟ್ಟರು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಕಳೆದ ವರ್ಷದ ಬೇಸಿಗೆಯಲ್ಲಿ ಮೇಘಾ ತನ್ನ ಕೂಸನ್ನು ಎತ್ತಿಕೊಂಡು ನಮ್ಮ ಮನೆಗೆ ಬಂದಿದ್ದಳು. ಕೂಸು ರಚ್ಚೆ ಹಿಡಿದಿತ್ತು. ನಾನು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಅವಳು ಓಡಾಡುತ್ತಾ ಏನೋ ಗುನುಗುತ್ತಿದ್ದಳು. ಕೇಳಿದ ಹಾಗಿದೆ, ಯಾವುದು ಅಂತ ಗೊತ್ತಾಗುತ್ತಿಲ್ಲ.

"ಯಾವ್ದೇ ಅದು, ಮೇಘಾ?"

"ಅಯ್ಯೋ ಅಮ್ಮಾ, ಇದು ನಿನ್ ಸಾಂಗೇ ಅಲ್ವಾ? ದಾಗಿಸ್‌ನಲ್ಲಿ ನಂಗೆ ಚಳಿಗೆ ಓವರಾಲ್ ಹಾಕೋವಾಗ ದಿನಾ ಹಾಡ್ತಿದ್ದೆ. ಅಜ್ಜಿ ಸಾಂಗ್ ಅಂದ್ಕೊಂಡಿದ್ದೆ ನಾನು. ತುಮ್ಕೂರ್ ಸಾಂಗ್."

"ನಾನಾ? ನಾನ್ಯಾವಾಗ ಹಾಡಿದ್ದೆ?"

"ಆಲ್ವೇಸ್! ಜಿಪ್ ಸಿಕ್ಕಾಕ್ಕೊಂಡ್ರೆ ಫಸ್ಟ್‌ನಿಂದ ಸ್ಟಾರ್ಟ್ ಮಾಡ್ತಿದ್ದೆ."

ರವೆ ಸೀದುಹೋಯಿತು. ಇಡೀ ದಿನ ಆ ರಾಗ ಹುಡುಕಿದೆ. ಶುದ್ಧ ಧನ್ಯಾಸಿ ಅನ್ನೋಣ ಅಂದರೆ ಏಳನೇ ಸುತ್ತಿನಲ್ಲಿ ಋಷಭ ಬಂದು ಕೂತುಬಿಡುತ್ತದೆ. ಆಭೇರಿ ಅನ್ನೋಣ ಅಂದರೆ ಧೈವತವೇ ಇಲ್ಲ. ತಲೆ ಕೆಟ್ಟು, ಹಾಡಿ ಧ್ವನಿಸಂದೇಶ ಮಾಡಿ ತುಮಕೂರಿನ ಅಕ್ಕನಿಗೆ ಕಳಿಸಿದೆ. ಅಕ್ಕ ನನಗಿಂತ ಚೆನ್ನಾಗಿ ಹಾಡುವವಳು. ಅರ್ಧ ಗಂಟೆಯಲ್ಲಿ ಉತ್ತರ ಬಂತು. "ಏ ಸುಮಿ, ಇದು ನಮ್ಮನೇದಲ್ಲ ಕಣೆ. ರುಕ್ಮಿಣಿ ಟೀಚರ್ ಇದನ್ನ ಕೇಳಿದ್ರೆ ಶ್ರುತಿಪೆಟ್ಗೆ ಮುಚ್ಚಿ ಎದ್ದು ಹೋಗಿರೋರು. ಎಲ್ಲಿಂದ ಹಿಡ್ಕೊಂಡ್ ಬಂದೆ ಇದನ್ನ?"

ಎಲ್ಲಿಂದ? ಬೆರಳು ಮಡಚಿ ಎಣಿಸಿದೆ. ಒಂದು, ಎರಡು, ಮೂರು. ಹನ್ನೊಂದಕ್ಕೆ ಮುಗಿಯಿತು. ಅಳಿಸಿದ ದಿನ ದಾಗಿಸ್‌ಗೆ ಓಡಿದಾಗ ಅದನ್ನು ಬಾಯಲ್ಲೇ ಇಟ್ಟುಕೊಂಡು ಹೋಗಿದ್ದೆ. ಮಗಳಿಗೆ ಬಟ್ಟೆ ತೊಡಿಸುತ್ತಾ ದಿನಾ ಗೊಣಗಿ ಅಲ್ಲೇ ಇಳಿಸಿಬಂದಿದ್ದೆ. ನನಗೆ ಮರೆತುಹೋಗಿತ್ತು, ಅವಳಿಗೆ ಇರಲಿಲ್ಲ.

ಎಲ್ಮಾರ್ ಅವರಿಗೆ ಆಗ ಎಂಬತ್ತಾರು. ಊರಿನ ದಕ್ಷಿಣದಲ್ಲಿ ವೃದ್ಧರಿಗೆಂದೇ ಕಟ್ಟಿದ ಮನೆಗಳಲ್ಲಿ ಒಬ್ಬರೇ ಇದ್ದರು. ಎದೆಯ ಕಾಯಿಲೆ, ಆದರೆ ತಲೆ ಚುರುಕು. 'ಎದುರು ದಡ'ವನ್ನು ಆ ಶರತ್ಕಾಲದಲ್ಲಿ ಎಸ್ಟೋನಿಯಾದ ತಾಲಿನ್‌ನಲ್ಲಿ ನುಡಿಸುವುದಿತ್ತು, ಮೊದಲ ಬಾರಿಗೆ ಎದುರು ದಡದಲ್ಲೇ. ಅವರು ಹೋಗುವ ಸ್ಥಿತಿಯಲ್ಲಿರಲಿಲ್ಲ, ಮುಂದೆ ಇಂಥ ಅವಕಾಶ ಬರುವ ಹಾಗೂ ಇರಲಿಲ್ಲ. ಈಗ ಹೇಳದಿದ್ದರೆ ಆ ರಾಗ ನಮ್ಮ ಅಡುಗೆಮನೆಯಲ್ಲೇ ಉಳಿಯುತ್ತದೆ ಅಂತ ಧೈರ್ಯ ಮಾಡಿದೆ. ಭಂಡಾರದಿಂದ ಹಳೆಯ ವಿಯೋಲಾ ಪಾರ್ಟು ಎರವಲು ತೆಗೆದುಕೊಂಡು ಹೋದೆ. ಬಾಗಿಲಲ್ಲೇ ನಿಂತು, ಚಪ್ಪಲಿ ಕೂಡ ಬಿಡದೆ, ಒಂದೇ ಉಸಿರಿಗೆ ಹೇಳಿದೆ. "ಈ ಹನ್ನೊಂದು ಮನೆಯಲ್ಲಿ ನೀವು ಬರೆದದ್ದನ್ನ ನಾನು ಅಳಿಸಿದ್ದೆ."

ಅವರು ಪಾರ್ಟನ್ನು ನನ್ನ ಕೈಯಿಂದ ತೆಗೆದುಕೊಂಡರು.

"ನೀನಾ? ನಾನು ನಾನೇ ಅಳಿಸಿದೆ ಅಂದುಕೊಂಡಿದ್ದೆ."

"ನೀವೇ?"

"ನಾನು ಬರೆಯುತ್ತೇನೆ, ಅಳಿಸುತ್ತೇನೆ, ಮರೆಯುತ್ತೇನೆ. ಯಾವಾಗಲೂ ಹಾಗೇ. ಅವತ್ತು ಪುಟ ಖಾಲಿ ಇತ್ತು. ಸರಿ, ಬೇಡ ಅಂತ ನಾನೇ ತೀರ್ಮಾನ ಮಾಡಿರಬೇಕು ಅಂದುಕೊಂಡೆ. ಖಾಲಿ ಇದ್ದದ್ದೇ ಚೆನ್ನಾಗಿ ಕಂಡಿತು." ಅವರು ಮೆಲ್ಲಗೆ ಕುರ್ಚಿಗೆ ಕೂತರು. "ಆಮೇಲೆ ಬರೆದದ್ದನ್ನೆಲ್ಲ ಹಾಗೇ ಬರೆದೆ. ಖಾಲಿ ಬಿಟ್ಟು."

ಆಗ ನನಗೆ ಹೊಳೆಯಿತು, ಅವರಿಗೂ ಹೊಳೆಯಿತು. ಪ್ರಪಂಚ ಹೊಗಳಿದ ಆ ಮೌನ ನನ್ನ ರಬ್ಬರಿನಿಂದ ಬಂದದ್ದು. ಅವರು ಮೊದಲು ನಕ್ಕರು. ನಗುತ್ತಾ ನಗುತ್ತಾ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ನಗು ಇರಲಿಲ್ಲ.

"ಇಪ್ಪತ್ತೈದು ವರ್ಷ!" ಅಂದರು. ಅವರು ದನಿ ಏರಿಸಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ನನ್ನ ಬ್ರೆಡ್ಡು ತಿನ್ನುತ್ತಾ ನನ್ನ ಎದುರಿಗೇ ಕೂತಿದ್ದೆ. ಒಂದು ಮಾತು ಹೇಳಲಿಕ್ಕೆ ಏನಾಗಿತ್ತು ನಿನಗೆ?"

"ಹೆದರಿದ್ದೆ."

"ಯಾರಿಗೆ? ನನಗಾ?"

ಅಲ್ಲೇ ನಿಂತು ಅತ್ತೆ. ಅವರು ಕಿಟಕಿಯ ಕಡೆ ತಿರುಗಿದರು. ನನ್ನ ಕಡೆ ನೋಡದೆಯೇ ಕೇಳಿದರು. "ಅದು ಹೇಗಿತ್ತು? ನನಗೆ ನೆನಪಿಲ್ಲ."

"ನನಗೂ ಇರಲಿಲ್ಲ. ನನ್ನ ಮಗಳಿಗೆ ಇತ್ತು."

"ಹಾಡು."

ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತು ಹಾಡಿದೆ, ನನಗೆ ಬರುವ ಹಾಗೆ, ಸರಿಗಮದಲ್ಲೇ. ಅವರು ಕಣ್ಣು ಮುಚ್ಚಿ ಎಣಿಸುತ್ತಿದ್ದರು, ಯೂಕ್ಸ್, ಕಾಕ್ಸ್, ಕೋಲ್ಮ್. ಮುಗಿದ ಮೇಲೆ ಇನ್ನೊಮ್ಮೆ ಅಂದರು. ಇನ್ನೊಮ್ಮೆ ಹಾಡಿದೆ.

"ಏಳರ ತನಕ ನನ್ನದು," ಅಂದರು. "ದೋಣಿಯಲ್ಲಿ ಅಮ್ಮ ಏನೋ ಗುನುಗುತ್ತಿದ್ದಳು, ಅದರ ವಾಸನೆ ಇದೆ. ಎಂಟನೆಯದರಲ್ಲಿ ಒಂದು ತಿರುವು ಹಾಕಿದೆಯಲ್ಲ, ಸ್ವರವನ್ನ ಅಲ್ಲಾಡಿಸಿ ಕೆಳಗೆ ಇಳಿಸಿದ್ದು, ಅದು ನನ್ನದಲ್ಲ. ನಾನು ಹಾಗೆ ಬರೆಯುವವನಲ್ಲ."

"ನಾನೇನೂ ಸೇರಿಸಲಿಲ್ಲ. ಇದ್ದದ್ದನ್ನೇ ಹಾಡಿದೆ."

"ಖಂಡಿತವಾ?"

ಖಂಡಿತವಿರಲಿಲ್ಲ. ಇಪ್ಪತ್ತೈದು ವರ್ಷದಲ್ಲಿ ನಾನು ಏನು ಗಮಕ ಸೇರಿಸಿದೆನೋ, ಮೇಘಾ ಏನು ಬಿಟ್ಟಳೋ, ಓವರಾಲಿನ ಜಿಪ್ಪು ಸಿಕ್ಕಿಕೊಂಡಾಗ ಎಲ್ಲಿ ಎಳೆದೆನೋ.

ಅವರು ಪಾರ್ಟನ್ನು ನನ್ನ ಮಡಿಲಿಗೆ ಹಾಕಿ, ಜೇಬಿನಿಂದ ಒಂದು ಮೋಟು ಪೆನ್ಸಿಲ್ ತೆಗೆದುಕೊಟ್ಟರು. "ಬರೆ. ನನ್ನ ಕೈ ನಡುಗುತ್ತದೆ."

"ಇಂಕಿನಲ್ಲಿ ಬೇಡವೇ? ಮತ್ತೆ ಯಾರಾದರೂ ಅಳಿಸಿದರೆ?"

"ಇಂಕಿನಲ್ಲಿ ಬರೆಯಲಿಕ್ಕೆ ಗೊತ್ತಿರಬೇಕು. ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಪೆನ್ಸಿಲ್‌ನಲ್ಲೇ ಬರೆ."

"ಎಂಟನೇ ಮನೆ ಹೇಗೆ ಬರೆಯಲಿ? ನಿಮ್ಮ ಹಾಗಾ, ನನ್ನ ಹಾಗಾ?"

"ನೀನು ಹಾಡಿದ ಹಾಗೆ. ನನ್ನದು ಹೇಗಿತ್ತು ಅಂತ ಗೊತ್ತಿದ್ದರೆ ತಾನೇ?"

ಬರೆದೆ. ಇಷ್ಟು ವರ್ಷ ಅಳಿಸಿದ ಕೈ, ಬರೆಯುವಾಗ ಬೆವರಿತು.

ಆ ಪಾರ್ಟು ಪೆಟ್ಟಿಗೆ ಸೇರಿ ತಾಲಿನ್‌ಗೆ ಹೋಯಿತು, ಅಲ್ಲಿ ಅದನ್ನು ನುಡಿಸಿದರು. ಒಂದು ಭಾನುವಾರ ಮಧ್ಯಾಹ್ನ, ಅವರ ಮನೆಯ ರೇಡಿಯೊದಲ್ಲಿ ಇಬ್ಬರೂ ಕೇಳಿದೆವು. ಎಲ್ಲ ವಾದ್ಯಗಳೂ ನಿಂತು ಪಿಟೀಲು ಮಾತ್ರ ಉಳಿದಾಗ ಕೆಳಗಿನಿಂದ ಒಂದೇ ಒಂದು ವಿಯೋಲಾ ಎದ್ದುಬಂತು. ನನ್ನ ಅಡುಗೆಮನೆಯ ರಾಗವನ್ನು ಆ ದೊಡ್ಡ ಸಭೆಯಲ್ಲಿ ಯಾರೋ ಗುರುತಿಲ್ಲದವರು ನುಡಿಸುತ್ತಿದ್ದರು. ಎಂಟನೇ ಮನೆ ಬಂದಾಗ ನಾನು ಎಲ್ಮಾರ್ ಅವರ ಕಡೆ ನೋಡಿದೆ. ಮುಗಿದ ಮೇಲೆ ರೇಡಿಯೊದಲ್ಲಿ ಚಪ್ಪಾಳೆ ಬಹಳ ಹೊತ್ತು ಕೇಳಿಸಿತು.

"ಯಾರದ್ದು ಇದು?" ಅಂದರು.

"ನಿಮ್ಮದು."

"ಖಂಡಿತವಾ?"

"ಇಲ್ಲ."

"ನನಗೂ ಇಲ್ಲ," ಅಂದು ಬ್ರೆಡ್ಡು ಮುರಿದು ಕೊಟ್ಟರು. "ಖಾಲಿ ಇದ್ದದ್ದೇ ಚೆನ್ನಾಗಿತ್ತೋ, ಇದು ಚೆನ್ನಾಗಿದೆಯೋ? ಇನ್ನೊಂದು ಸಲ ಕೇಳಿ ಹೇಳುತ್ತೇನೆ."

ಇನ್ನೊಂದು ಸಲ ಕೇಳಲಿಲ್ಲ. ಚಳಿಗಾಲದಲ್ಲಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅವರ ಚರ್ಚಿನವರು ಎಸ್ಟೋನಿಯನ್‌ನಲ್ಲಿ ಹಾಡಿದರು, ನನಗೆ ಎಣಿಸುವ ಮೂರು ಪದ ಬಿಟ್ಟರೆ ಏನೂ ಅರ್ಥವಾಗಲಿಲ್ಲ.

ಇಷ್ಟೇ ನಡೆದದ್ದು. ಅನುಷಾ, ನೀನು ನೋಡಿದ ಆ ಪೆನ್ಸಿಲ್ ಬರಹ ನನ್ನದು. ಅದನ್ನು ಹೊಸ ಆವೃತ್ತಿಯಲ್ಲಿ ಅಚ್ಚು ಹಾಕಿಸಿದರೆ ಎಂಟನೇ ಮನೆಯಲ್ಲಿ ನನ್ನ ತಪ್ಪು ಎಲ್ಮಾರ್ ಅವರ ಹೆಸರಿನಲ್ಲಿ ಶಾಶ್ವತವಾಗಿ ಕೂರುತ್ತದೆ. ಅಳಿಸಿದರೆ ಒಂದೇ ತಪ್ಪನ್ನು ಎರಡು ಸಲ ಮಾಡಿದ ಹಾಗೆ. ಅಳಿಸಲಾ ಬಿಡಲಾ ಅಂತ ಕೇಳುತ್ತೀಯ. ಅವರು ಹೇಳುತ್ತೇನೆ ಅಂದಿದ್ದರು, ಹೇಳದೆ ಹೋದರು, ನಾನು ಯಾರು ಹೇಳಲಿಕ್ಕೆ?

ಒಂದು ವಾರ ಒದ್ದಾಡಿ, ಇವತ್ತು ಬೆಳಿಗ್ಗೆ ಅವಳಿಗೆ ಇಷ್ಟು ಬರೆದೆ: "ಪುಟ್ಟಿ, ಅಚ್ಚಿನಲ್ಲಿ ಖಾಲಿ ಬಿಡು, ಅವರು ಇಂಕಿನಲ್ಲಿ ಬಿಟ್ಟದ್ದು ಅದನ್ನೇ. ಆದರೆ ಈ ಪಾರ್ಟನ್ನು ಅಳಿಸಬೇಡ, ಪೆಟ್ಟಿಗೆಯಲ್ಲಿ ಹೀಗೇ ಇರಲಿ. ನಾನು ಬರೆದದ್ದರ ಜೊತೆ ಒಂದು ಚೀಟಿ ಅಂಟಿಸು: ಇದು ಯಾರದ್ದು ಅಂತ ಗೊತ್ತಿಲ್ಲ, ನುಡಿಸುವವರು ಬೇಕಾದರೆ ನುಡಿಸಲಿ. ಮುಂದೆ ಯಾವ ಕಾಗದ ಬಂದರೂ ಅಳಿಸುವ ಮೊದಲು ಒಂದು ಸಲ ಬಾಯಿಬಿಟ್ಟು ಹಾಡು. ರುಕ್ಮಿಣಿ ಟೀಚರ್ ಆಣೆ."

ಕಳಿಸುವ ಮೊದಲು, ಪಾರ್ಟಿನಲ್ಲಿ ಬರೆದ ರಾಗ ಇನ್ನೂ ನೆನಪಿದೆಯೇ ನೋಡೋಣ ಅಂತ ನಾನೂ ಒಮ್ಮೆ ಹಾಡಿದೆ. ಎಂಟನೇ ಮನೆ ಇವತ್ತು ಬೇರೆ ಥರ ಬಂತು.